ತಾರಸಿ ಮೇಲೆ ಹೊರಟ ಮೇಜು

ಬಡಗಿ ಗರಗಸ ಹೊರತೆಗೆದದ್ದೇ ತಡ, ಟೈಲರಮ್ಮ ಮೇಜಿನ ಮೇಲೆ ಹತ್ತಿ ಕೂತಳು.

“ಮೊದ್ಲು ನನ್ನ ಕೊಯ್ಯಿ, ಆಮೇಲೆ ಇದನ್ನ.”

ಬಡಗಿ ತಲೆ ಕೆರೆದುಕೊಂಡ. ಪಾಪ, ಅವನದೇನು ತಪ್ಪು? ಟೈಲರಮ್ಮ ದೊಡ್ಡ ರಸ್ತೆಯಲ್ಲಿ ಹೊಸ ಅಂಗಡಿ ಹಿಡಿದಾಗಿತ್ತು, ಬಟ್ಟೆ ಕತ್ತರಿಸುವ ಈ ಮೇಜು ಮಾತ್ರ ಓಣಿಯ ತಿರುವು ದಾಟಲೊಲ್ಲದು. ಒಂದೇ ಹಲಗೆಯದು, ಮಂಚಕ್ಕಿಂತ ಉದ್ದ. ನಿಲ್ಲಿಸಿ ಒಯ್ಯೋಣವೆಂದರೆ ತಲೆಯ ಮೇಲೆ ಎಲ್ಲರ ಸಜ್ಜಾ. ಕೊಯ್ದು ಜೋಡಿಸಿದರೆ ಸಂದಿಗೆ ಬಟ್ಟೆ ಸಿಕ್ಕಿ ಕತ್ತರಿ ಸೊಟ್ಟ ಹೋಗುತ್ತದೆ. ಮೂರು ಮಕ್ಕಳನ್ನು ಸಾಕಿದ ಮೇಜಿಗೆ ಇಂಥ ಗತಿಯೇ?

ಇದು ಬಂದದ್ದು ಎತ್ತಿನ ಗಾಡಿಯಲ್ಲಿ, ನೇರ ಹೊಸ್ತಿಲಿಗೆ. ಆಗ ಇಲ್ಲಿದ್ದದ್ದು ಮೂರೇ ಮನೆ. ಸಂಜೆಯಾದರೆ ಮಾತಾಡಲು ಒಂದು ನರಪಿಳ್ಳೆಯೂ ಇಲ್ಲದೆ ಟೈಲರಮ್ಮ ಅಳುತ್ತಿದ್ದಳು. ತಡೆಯಲಾರದೆ ತಂಗಿಯನ್ನು ಕರೆಸಿಕೊಂಡಳು. ತಂಗಿ ತನ್ನ ಗಂಡನ ಅಣ್ಣನನ್ನು ಕರೆಸಿದಳು, ಅವನು ಕಾರ್ಖಾನೆಯ ಜೊತೆಗಾರರನ್ನು ಕರೆತಂದ. ಬಂದವರೆಲ್ಲ ಓಣಿಗೆ ಒಂದೊಂದು ಗೇಣು ಮೆಟ್ಟಿಲು ಚಾಚಿದರು. ಈಗ ಎರಡು ಕೊಡೆ ಎದುರಾದರೆ ಒಂದನ್ನು ಮಡಚಬೇಕು. ತಿರುವಿನ ಮೂಲೆಮನೆಯವಳಂತೂ ಗೋಡೆಯನ್ನೇ ಮುಂದೆ ತಂದಿದ್ದಳು. ಆ ಜಗಳವಾದಾಗಿನಿಂದ ಇಬ್ಬರಿಗೂ ಮಾತಿಲ್ಲ. ಟೈಲರಮ್ಮನೇನು ಕಮ್ಮಿಯಲ್ಲ, ಅವಳ ಜಗಲಿಯೂ ಓಣಿಯಲ್ಲೇ ಕೂತಿತ್ತು. ಅವಳೆದುರು ಆ ಮಾತು ಎತ್ತುವ ಧೈರ್ಯ ಯಾರಿಗೂ ಇರಲಿಲ್ಲ, ಅಷ್ಟೆ.

ಈ ಜನಜಂಗುಳಿಯಲ್ಲಿ ತನ್ನ ಮೇಜಿಗೇ ದಾರಿಯಿಲ್ಲ ಎಂದು ಅವಳು ಕಣ್ಣೊರೆಸಿಕೊಳ್ಳುತ್ತಿದ್ದಾಗ ಮೇಲಿಂದ ದನಿ ಕೇಳಿಸಿತು. ಮೂಲೆಮನೆಯವಳು ತನ್ನ ತಾರಸಿಯ ಅಂಚಿನಲ್ಲಿ ನಿಂತಿದ್ದಳು.

“ಕೆಳಗೆ ದಾರಿ ಇಲ್ದಿದ್ರೆ ಮೇಲೆ ಇಲ್ವಾ? ಹಿತ್ತಲಿಂದ ಹಗ್ಗ ಹಾಕಿ ಎತ್ತಿ. ನಮ್ಮ ತಾರಸಿ ಮೇಲೇ ಹೋಗ್ಲಿ.”

ಟೈಲರಮ್ಮ ಮೇಜಿನಿಂದ ಇಳಿದಳು. ಬಡಗಿ ಅದರ ಕಾಲು ಬಿಚ್ಚಿದ.

ತಾರಸಿಗಳು ಒಂದಕ್ಕೊಂದು ಅಂಟಿಕೊಂಡೇ ಇದ್ದವಲ್ಲ, ಕೆಲಸ ಸಲೀಸಾಯಿತು. ಒಲೆ ಆರಿಸಿ ಬಂದವರು, ಅರ್ಧ ಗಡ್ಡ ಬೋಳಿಸಿಕೊಂಡು ಬಂದವರು, ಸೊಸೆಯಂದಿರು, ಮಾವಂದಿರು ಎಲ್ಲ ಸಾಲಾಗಿ ನಿಂತರು. ಮೇಜು ಒಂದು ಮನೆಯವರ ಕೈಯಿಂದ ಮುಂದಿನ ಮನೆಯವರ ಕೈಗೆ ದಾಟುತ್ತ ಹೋಯಿತು. ಟೈಲರಮ್ಮ ಕೆಳಗೆ ಓಣಿಯಲ್ಲಿ ಕತ್ತೆತ್ತಿಕೊಂಡು, ನಿಧಾನ ನಿಧಾನ ಎನ್ನುತ್ತ ನಡೆದಳು. ಅರ್ಧ ದಾರಿಗೆ ಬರುವಷ್ಟರಲ್ಲಿ ಹಾಗೆನ್ನುವುದೂ ಮರೆತುಹೋಯಿತು. ಇಷ್ಟು ಕೈಗಳನ್ನು ಅವಳು ಒಟ್ಟಿಗೆ ನೋಡಿರಲೇ ಇಲ್ಲ. ಕೊನೆಯ ತಾರಸಿಯಿಂದ ಮೇಜನ್ನು ಹಗ್ಗ ಕಟ್ಟಿ ಇಳಿಸುವಾಗ ದೊಡ್ಡ ರಸ್ತೆಯಲ್ಲಿ ಗುಂಪುಗೂಡಿದ ಅಪರಿಚಿತರಿಗೆ, ಕೇಳದಿದ್ದರೂ, ಎದೆಯುಬ್ಬಿಸಿ ಹೇಳಿದಳು:

“ಎಲ್ಲಾ ನಮ್ಮ ಓಣಿಯವ್ರು. ನಾನೇ ಕರೆಸಿದ್ದು.”

ಅಂಗಡಿಯಲ್ಲಿ ಮೇಜಿಗೆ ಕಾಲು ಜೋಡಿಸಿ ಬಡಗಿ ಹೊರಟ. ಬಾಗಿಲಲ್ಲಿ ಮೂಲೆಮನೆಯವಳು ಬಟ್ಟೆಯ ತುಂಡು ಹಿಡಿದು ನಿಂತಿದ್ದಳು.

“ಅಕ್ಕಾ, ಮೊದಲ್ನೇ ರವಿಕೆ ನಂದು.”

ಟೈಲರಮ್ಮ ಅವಳನ್ನು ಮೇಲಿಂದ ಕೆಳಗೆ ನೋಡಿದಳು.

“ಹಳೇ ಅಳತೆ ಸಾಲಲ್ಲ ಕಣೇ. ನಿನ್ನ ಗೋಡೆ ಥರ ನೀನೂ ಮುಂದೆ ಬಂದಿದೀಯ. ಬಾ ಇಲ್ಲಿ.”

ಟೇಪು ಸುತ್ತಲೆಂದು ಮೂಲೆಮನೆಯವಳು ನಗುತ್ತ ಎರಡೂ ಕೈ ಎತ್ತಿದಳು. ಅಂಗೈಯಲ್ಲಿ ಮೇಜಿನ ಅಂಚು ಒತ್ತಿದ ಕೆಂಪು ಗೆರೆ ಇನ್ನೂ ಮಾಸಿರಲಿಲ್ಲ.