ಜುಲೈ ಒಂಬತ್ತರ ಆರನೇ ಇನಿಂಗ್ಸ್

ಹೆರಾನ್ಸ್ ಬೇಸ್‌ಬಾಲ್ ತಂಡದ ಮಾಲೀಕ ಬೆಳಿಗ್ಗೆ ಎದ್ದು ಹಲ್ಲುಜ್ಜಿದರೂ ಅದರ ಹಿಂದೆ ಏನೋ ಉಳಿತಾಯದ ಹುನ್ನಾರ ಇದೆ ಎಂದು ಕ್ಯಾಜ್ ಡುಡೆಕ್ ನಂಬಿದ್ದ. ಅರವತ್ತೆಂಟು ವರ್ಷದ ಮನುಷ್ಯ. ಬ್ರೇಕ್ ತಯಾರಿಸುವ ಕಾರ್ಖಾನೆಯಲ್ಲಿ ಇಪ್ಪತ್ತೊಂಬತ್ತು ವರ್ಷ ಹನ್ನೊಂದು ತಿಂಗಳು ದುಡಿದಿದ್ದ. ಮೂವತ್ತು ತುಂಬಿದರೆ ಪೂರ್ತಿ ಪಿಂಚಣಿ ಕೊಡಬೇಕಾಗುತ್ತದೆಂದು ಅವನನ್ನು ಒಂದು ತಿಂಗಳು ಮುಂಚೆಯೇ ಮನೆಗೆ ಕಳಿಸಿದ್ದರು. ಅಂಥವನಿಗೆ ಅನುಮಾನ ರೋಗವಲ್ಲ, ಅನುಭವ. ಹೆಂಡತಿ ಬರ್ನಿಸ್ ಮಾತ್ರ ಕಾಮಾಲೆ ಕಣ್ಣಿಗೆ ಕಂಡದ್ದೆಲ್ಲ ಹಳದಿ ಎಂದು ಗೊಣಗುತ್ತಿದ್ದಳು.

ಲೀಗಿನಲ್ಲೇ ಆಟಗಾರರ ಸಂಬಳಕ್ಕೆ ಅತಿ ಕಡಿಮೆ ಬಿಚ್ಚುವ ಕೈ ಹೆರಾನ್ಸ್ ಮಾಲೀಕನದು. ಯಾವನಾದರೂ ಚೆನ್ನಾಗಿ ಆಡಲು ಶುರುಮಾಡಿದರೆ ಜುಲೈ ಮುಗಿಯುವುದರೊಳಗೆ ಅವನನ್ನು ಬೇರೆ ಊರಿಗೆ ಸಾಗಹಾಕುತ್ತಿದ್ದರು. ತಂಡದ ಪಟ್ಟಿಯ ಇಪ್ಪತ್ತಾರು ಹೆಸರುಗಳಲ್ಲಿ ಒಂಬತ್ತನ್ನು ಕ್ಯಾಜ್ ಈಗಲೂ ಅಕ್ಷರ ಕೂಡಿಸಿಕೊಂಡು ಓದಬೇಕಿತ್ತು. ಹೊಸ ಹುಡುಗರನ್ನು ಬೆಳೆಸುತ್ತಿದ್ದೇವೆ ಎಂದು ಮಾಲೀಕ ಹೇಳುತ್ತಿದ್ದ. ಬಿತ್ತೋದು ನಾವು, ಕೊಯ್ಯೋದು ಕಂಡವರು ಎಂದು ಕ್ಯಾಜ್ ಉರಿಯುತ್ತಿದ್ದ. ಕಪ್ಪೂ ಬೇಕು, ಕಾಸೂ ಬಿಚ್ಚಬಾರದು. ಅಕ್ಕಿ ಮೇಲೆ ಆಸೆ, ನೆಂಟರ ಮೇಲೆ ಪ್ರೀತಿ. ಮೈದಾನದಲ್ಲಿ ಕ್ಯಾಜ್ ಕೂರುವ ಮೂವತ್ತೊಂದನೇ ವಿಭಾಗದ ಧ್ವನಿವರ್ಧಕ ಮೇ ತಿಂಗಳಿಂದ ಕೆಟ್ಟು ಕೂತಿತ್ತು. ಅದೂ ತಂತಿಯ ದುಡ್ಡು ಉಳಿಸಲಿಕ್ಕೇ. ಸಾಸೇಜ್ ಮಾರುವ ಮೂರು ಮಳಿಗೆಗಳಲ್ಲಿ ಎರಡನ್ನು ಮುಚ್ಚಿದ್ದರು. ಅದೂ ಹಾಗೆಯೇ.

ಇಷ್ಟೆಲ್ಲ ಬೈದರೂ ಊರಿನಲ್ಲಿ ಆಟವಿದ್ದ ದಿನ ಕ್ಯಾಜ್ ತಪ್ಪಿಸಿಕೊಂಡವನಲ್ಲ. ಪಕ್ಕದ ಕುರ್ಚಿಯಲ್ಲಿ ಇಪ್ಪತ್ತೆರಡು ವರ್ಷದಿಂದ ಒಬ್ಬನೇ ಮನುಷ್ಯ, ಓಟಿಸ್ ಪ್ರೂಯಿಟ್. ಮೂವತ್ತು ವರ್ಷ ಸಿಟಿ ಬಸ್ಸು ಓಡಿಸಿ, ಒಂದು ಸಲವೂ ಕನ್ನಡಿಗೆ ಗೀರು ಬೀಳಿಸದೆ ನಿವೃತ್ತನಾದವನು. ಇಬ್ಬರ ತೊಡೆಯ ಮೇಲೂ ಒಂದೊಂದು ಪುಸ್ತಕ, ಕೈಯಲ್ಲಿ ಪೆನ್ಸಿಲ್. ಯಾರು ಎಸೆದ, ಯಾರು ಹೊಡೆದ, ಯಾರು ಔಟಾದ ಎಲ್ಲವನ್ನೂ ಚೌಕದ ಮನೆಗಳಲ್ಲಿ ಗುರುತು ಹಾಕಬೇಕು. ಒಬ್ಬ ಎದ್ದುಹೋದರೆ ಇನ್ನೊಬ್ಬ ಅವನ ಪುಸ್ತಕವನ್ನೂ ತುಂಬಬೇಕು. ಆ ಸಾಲಿನ ಧರ್ಮವೇ ಅದು. ಹೊರಊರಿನ ಆಟಗಳನ್ನು ಕ್ಯಾಜ್ ಮನೆಯಲ್ಲಿ ರೇಡಿಯೋ ಕೇಳುತ್ತ ತುಂಬುತ್ತಿದ್ದ. ಬ್ಯಾಂಕಿನವನನ್ನು, ವೈದ್ಯನನ್ನು, ಹವಾಮಾನ ವರದಿಯನ್ನು ನಂಬದ ಕ್ಯಾಜ್ ತನ್ನ ಪುಸ್ತಕವನ್ನು ಓಟಿಸನ ಕೈಗೆ ಎರಡನೇ ಯೋಚನೆಯಿಲ್ಲದೆ ಕೊಡುತ್ತಿದ್ದ. ಇಷ್ಟು ವರ್ಷಗಳಲ್ಲಿ ಈ ಪುಸ್ತಕದಲ್ಲಿ ಒಂದು ಮನೆ ಖಾಲಿ ಇಲ್ಲ, ಒಂದು ತಪ್ಪಿಲ್ಲ ಎಂದು ಸಿಕ್ಕವರ ಹತ್ತಿರವೆಲ್ಲ ಜಂಬ ಕೊಚ್ಚುತ್ತಿದ್ದ.

ಸೆಪ್ಟೆಂಬರಿನ ಕೊನೆಯ ವಾರ ಸುದ್ದಿ ಬಂತು. ತಂಡದ ಒಳ್ಳೆಯ ಪಿಚರ್, ಅಂದರೆ ಚೆಂಡು ಎಸೆಯುವವನು, ಎಲಿಸೆಯೊ ಬರ್ರಾಗಾನ್‌ಗೆ ಮುಂಗೈ ಬಿಗಿದಿದೆ, ಈ ವರ್ಷ ಇನ್ನು ಚೆಂಡು ಎಸೆಯುವುದಿಲ್ಲ ಎಂದು ತಂಡದವರು ಹೇಳಿಕೆ ಕೊಟ್ಟರು. ಅವನ ಕರಾರಿನ ವಿಷಯ ವಸಂತದಲ್ಲೇ ಪತ್ರಿಕೆಯಲ್ಲಿ ಬಂದಿತ್ತು. ವರ್ಷದಲ್ಲಿ ನೂರ ಅರವತ್ತು ಇನಿಂಗ್ಸ್ ಎಸೆದರೆ ಹತ್ತು ಲಕ್ಷ ಡಾಲರ್ ಹೆಚ್ಚು. ಒಂದು ಆಟಕ್ಕೆ ಒಂಬತ್ತು ಇನಿಂಗ್ಸ್, ಪ್ರತಿ ಇನಿಂಗ್ಸಿಗೆ ಮೂರು ಔಟ್. ತಂಡದವರ ಲೆಕ್ಕದಲ್ಲಿ ಬರ್ರಾಗಾನ್ ನೂರ ಐವತ್ತೊಂಬತ್ತು ಮುಗಿಸಿ, ಮೇಲೆ ಎರಡು ಔಟ್ ತೆಗೆದಿದ್ದ. ಒಂದೇ ಒಂದು ಔಟ್ ಕಡಿಮೆ.

ಈ ಲೆಕ್ಕ ಕ್ಯಾಜ್‌ಗೆ ಗೊತ್ತಿತ್ತು. ಇಪ್ಪತ್ತೊಂಬತ್ತು ವರ್ಷ ಹನ್ನೊಂದು ತಿಂಗಳ ಲೆಕ್ಕ ಅದು. ಅವನನ್ನು ಕೂರಿಸಿದ್ದು ಹಣದ ಕಾರಣಕ್ಕಲ್ಲ ಎಂದು ತಂಡದವರು ಯಾರೂ ಕೇಳದೆ ತಾವೇ ಹೇಳಿದ್ದರು. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಹಾಗೆ.

ಪತ್ರಿಕೆಯ ಅಂಕಿಗಳನ್ನು ಕ್ಯಾಜ್ ಎಂದೂ ನಂಬಿದವನಲ್ಲ. ಅಡುಗೆಮನೆಯ ಮೇಜಿನ ಮೇಲೆ ಪುಸ್ತಕ ಹರಡಿ, ಬರ್ರಾಗಾನ್ ಎಸೆದ ಆಟಗಳನ್ನೆಲ್ಲ ತಾನೇ ಕೂಡಿಸಿದ. ಮೂರು ಸಲ ಕೂಡಿಸಿದ. ಮೂರು ಸಲವೂ ನೂರ ಅರವತ್ತು, ಸರಿಯಾಗಿ.

ತಕ್ಷಣ ಓಟಿಸ್‌ಗೆ ಫೋನ್ ಮಾಡಿದ. ಇವರು ಆ ಹುಡುಗನ ಒಂದು ಔಟನ್ನೇ ಕದ್ದಿದ್ದಾರೆ, ಸಾಕ್ಷಿ ನನ್ನ ಕೈಯಲ್ಲಿದೆ ಎಂದ.

"ಬಿಡು ಕ್ಯಾಜ್. ಯಾರದೋ ಕೈ ತಪ್ಪಿರುತ್ತೆ," ಎಂದ ಓಟಿಸ್.

ಕ್ಯಾಜ್‌ಗೆ ಇದು ಹಿಡಿಸಲಿಲ್ಲ. ತಂಡದವರು ಕಳೆದ ತಿಂಗಳು ವರ್ಷದ ಟಿಕೆಟ್ ಕೊಂಡ ಹಳಬರಿಗೆ ಪುಕ್ಕಟೆ ಟೋಪಿ ಹಂಚಿದ್ದರು. ಒಂದು ಟೋಪಿಗೇ ಓಟಿಸ್ ಮೆತ್ತಗಾದನೇ ಎಂದು ಅವನ ಮೇಲೂ ಒಂದು ಕ್ಷಣ ಅನುಮಾನ ಹರಿಯಿತು. ಆಮೇಲೆ ನಾಚಿಕೆಯಾಯಿತು.

ಸಂಜೆ ಊಟದ ಹೊತ್ತಿಗೆ ಊರಿಗೆ ಊರೇ ಕೇಳುವ ರೇಡಿಯೋ ಕಾರ್ಯಕ್ರಮಕ್ಕೆ ಫೋನ್ ಮಾಡಿದ. ಅದನ್ನು ನಡೆಸುವ ಡೆನ್ನಿ ಕ್ರೋಲ್‌ಗೆ ಕ್ಯಾಜ್‌ನ ದನಿ ಹಳೇ ಪರಿಚಯ. ಇವತ್ತು ಯಾರು ಏನು ಕದ್ದರು ಎಂದೇ ಮಾತು ಶುರುಮಾಡಿದ. ಆದರೆ ಪುಸ್ತಕದ ವಿಷಯ ಕೇಳಿ ಚುರುಕಾದ. ಅವನ ಮಗ್ಗುಲಲ್ಲಿದ್ದ ಸಹಾಯಕರು ಲೀಗಿನ ಅಧಿಕೃತ ದಾಖಲೆ ತೆಗೆದು ಒಂದೊಂದೇ ಆಟ ಓದಿದರು, ಕ್ಯಾಜ್ ಇತ್ತ ಹಾಳೆ ತಿರುವುತ್ತ ಹೂಂಗುಟ್ಟಿದ. ಹದಿನೆಂಟು ಆಟ ಸರಿಹೊಂದಿದವು. ಹತ್ತೊಂಬತ್ತನೆಯದು ಜುಲೈ ಒಂಬತ್ತರದು. ಅದರ ಆರನೇ ಇನಿಂಗ್ಸಿನಲ್ಲಿ ಎರಡು ಔಟ್ ಆದಮೇಲೆ ಬರ್ರಾಗಾನ್‌ನನ್ನು ಹೊರಗೆ ಕರೆದರು, ಅವನ ಹಾಗೇ ಎಡಗೈಯಿಂದ ಎಸೆಯುವ ಬೇರೊಬ್ಬ ಬಂದು ಮೂರನೆಯದನ್ನು ತೆಗೆದ ಎಂದು ದಾಖಲೆ ಹೇಳುತ್ತಿತ್ತು. ಕ್ಯಾಜ್‌ನ ಪುಸ್ತಕದಲ್ಲಿ ಮೂರೂ ಬರ್ರಾಗಾನ್‌ನವೇ.

"ಯಜಮಾನ್ರೇ, ಒಂದೇ ಮಾತು ಹೇಳಿ," ಎಂದ ಡೆನ್ನಿ. "ಮೂರನೇ ಔಟ್ ಅವನೇ ತೆಗೆದದ್ದು ನೀವು ಕಣ್ಣಾರೆ ನೋಡಿದ್ರಾ?"

ನೋಡಿದೆ ಎನ್ನಲು ಕ್ಯಾಜ್ ಬಾಯಿ ತೆರೆದ. ಕಣ್ಣು ಹಾಳೆಯ ಮೇಲಿತ್ತು. ಆ ಸಾಲಿನ ಅಂಕಿಗಳು ದೊಡ್ಡವು. ಒತ್ತಿ ಬರೆದವು, ಮನೆಯ ಗೆರೆ ದಾಟಿ ಪಕ್ಕಕ್ಕೆ ಚಾಚಿದವು. ಅದು ತನ್ನ ಕೈಬರಹವಲ್ಲ, ಓಟಿಸನದು. ಅವತ್ತು ತುಂತುರು ಮಳೆ ಇತ್ತು. ಇದ್ದ ಒಂದೇ ಮಳಿಗೆಯ ಮುಂದೆ ಸಾಸೇಜ್‌ಗೆ ಅರ್ಧ ಗಂಟೆ ಸಾಲು ನಿಂತದ್ದು ನೆನಪಾಯಿತು. ಧ್ವನಿವರ್ಧಕ ಕೆಟ್ಟಿತ್ತು, ಪಿಚರ್ ಬದಲಾದದ್ದನ್ನು ಆ ವಿಭಾಗದಲ್ಲಿ ಕಣ್ಣಿಂದಲೇ ತಿಳಿಯಬೇಕಿತ್ತು.

ಹಾಳೆಗಳನ್ನು ಹಿಂದಕ್ಕೆ ತಿರುವಿದ. ಏಪ್ರಿಲ್‌ನಿಂದ ಓಟಿಸ್ ಬರೆದ ಸಾಲುಗಳೆಲ್ಲ ತಿಂಗಳಿಂದ ತಿಂಗಳಿಗೆ ದಪ್ಪವಾಗುತ್ತ ಬಂದಿದ್ದವು. ಪ್ರತಿ ಹೊಡೆತಕ್ಕೂ "ಎತ್ತ ಹೋಯ್ತು?" ಎಂದು ಅವನು ತಮಾಷೆಯಂತೆ ಕೇಳುತ್ತಿದ್ದದ್ದು, ಟಿಕೆಟ್ಟನ್ನು ಮೂಗಿನ ಹತ್ತಿರ ಹಿಡಿಯುತ್ತಿದ್ದದ್ದು, ಮೆಟ್ಟಿಲಿಳಿಯುವಾಗ ತನ್ನ ಭುಜದ ಮೇಲೆ ಕೈಯಿಡುತ್ತಿದ್ದದ್ದು ಎಲ್ಲ ಒಟ್ಟಿಗೆ ನೆನಪಿಗೆ ಬಂದವು. ಇಡೀ ಲೋಕದ ಕಪಟವನ್ನು ಹುಡುಕಿ ತೆಗೆಯುವ ತನಗೆ ಮೊಣಕೈ ದೂರದಲ್ಲಿ ಕೂತವನ ಕಣ್ಣು ಹೋಗುತ್ತಿದ್ದದ್ದು ಕಾಣಲಿಲ್ಲವಲ್ಲ ಎಂದುಕೊಂಡ.

"ಯಜಮಾನ್ರೇ, ಲೈನಲ್ಲಿದ್ದೀರಾ? ಆ ಸಾಲು ಬರೆದದ್ದು ನೀವೇ ತಾನೆ?"

ಓಟಿಸ್ ಕೇಳುತ್ತಿದ್ದಾನೆ. ಈ ಹೊತ್ತಿಗೆ ಅವನ ಮನೆಯಲ್ಲೂ ಇದೇ ರೇಡಿಯೋ. ನಾನಲ್ಲ, ಪಕ್ಕದವನು ಬರೆದದ್ದು ಎಂದುಬಿಟ್ಟರೆ ಪುಸ್ತಕದ ಮಾನ ಉಳಿಯುತ್ತಿತ್ತು.

"ನಾನೇ ಬರೆದದ್ದು," ಎಂದ ಕ್ಯಾಜ್. "ಪಿಚರ್ ಬದಲಾದದ್ದು ನೋಡಲಿಲ್ಲ. ತಪ್ಪು ನಂದು."

"ಇಪ್ಪತ್ತೆರಡು ವರ್ಷದಲ್ಲಿ ಒಂದೂ ತಪ್ಪಿಲ್ಲ ಅಂತಿದ್ರಲ್ಲ?"

"ಈಗ ಒಂದಿದೆ."

ಮರುದಿನ ಅಂಚೆ ಕಚೇರಿಯಲ್ಲಿ, ಕ್ಷೌರದಂಗಡಿಯಲ್ಲಿ, ಎಲ್ಲೆಲ್ಲೂ ಅವನನ್ನು ಆಡಿಕೊಂಡು ನಕ್ಕರು. ಕ್ಯಾಜ್ ಯಾರನ್ನೂ ಬೈಯದೆ ಮನೆಗೆ ಬಂದ. ಗಂಡನಿಗೆ ಜ್ವರ ಬಂದಿರಬೇಕೆಂದು ಬರ್ನಿಸ್ ಹಣೆ ಮುಟ್ಟಿ ನೋಡಿದಳು.

ಭಾನುವಾರ ಮಧ್ಯಾಹ್ನ ವರ್ಷದ ಕೊನೆಯ ಆಟ. ಓಟಿಸ್ ಮೊದಲೇ ಬಂದು ಕೂತಿದ್ದ. ಇಬ್ಬರೂ ಹವೆಯ ಬಗ್ಗೆ ಮಾತಾಡಿದರು. ಕೆಳಗೆ ಬೆಂಚಿನ ಮೇಲೆ ಬರ್ರಾಗಾನ್ ಸೂರ್ಯಕಾಂತಿ ಬೀಜವನ್ನು ಎಡಗೈಯಿಂದಲೇ ಮೇಲಕ್ಕೆ ಚಿಮ್ಮಿ ಬಾಯಲ್ಲಿ ಹಿಡಿಯುತ್ತಿದ್ದ. ಬಿಗಿದಿರುವುದು ಆ ಕೈಯೇ ಎಂದು ತಂಡದವರು ಹೇಳಿದ್ದರು. ಕ್ಯಾಜ್ ಅದನ್ನು ನೋಡಿ ಮನಸ್ಸಿನಲ್ಲೇ ಗುರುತು ಹಾಕಿಕೊಂಡ. ಪುಸ್ತಕದ ತಪ್ಪು ಬೇರೆ, ಕಳ್ಳರು ಬೇರೆ.

ಆರನೇ ಇನಿಂಗ್ಸಿನ ಹೊತ್ತಿಗೆ ಬಿಯರ್ ತನ್ನ ಕೆಲಸ ಮಾಡಿತು. ಕ್ಯಾಜ್ ಕಾಲು ಮಡಿಸಿಕೊಂಡು ತಡೆದು ಕೂತ.

"ಹೋಗಿ ಬಾರೋ," ಎಂದ ಓಟಿಸ್. "ಯಾಕೆ, ಪುಸ್ತಕ ಕೊಡೋಕೆ ಭಯಾನಾ?"

"ಭಯ ಯಾಕೆ," ಎಂದು ಕ್ಯಾಜ್ ಪುಸ್ತಕವನ್ನೂ ಪೆನ್ಸಿಲನ್ನೂ ಅವನ ಕೈಯಲ್ಲಿಟ್ಟು ಎದ್ದ. ಹೋಗುವಾಗ ಹಿಂದಿರುಗಿ ನೋಡಲಿಲ್ಲ, ಬೇಕೆಂದೇ ನಿಧಾನವಾಗಿ ಬಂದ.

ವಾಪಸ್ಸು ಬಂದಾಗ ಪುಸ್ತಕ ಕುರ್ಚಿಯ ಮೇಲೆ ತೆರೆದೇ ಇತ್ತು. ಆರನೇ ಇನಿಂಗ್ಸಿನ ಮನೆಗಳೆಲ್ಲ ಖಾಲಿ. ಓಟಿಸ್ ಮೈದಾನದ ಕಡೆ ಮುಖಮಾಡಿ ಕೂತಿದ್ದ, ಪೆನ್ಸಿಲ್ ಮುಷ್ಟಿಯಲ್ಲಿತ್ತು.

"ಕಾಣಲ್ಲ ಕಣೋ," ಎಂದ. "ಜುಲೈನಲ್ಲೂ ಕಂಡಿರಲಿಲ್ಲ."

ಕ್ಯಾಜ್ ಕೂತ. ಖಾಲಿ ಮನೆಗಳನ್ನು ಹಾಗೆಯೇ ಬಿಟ್ಟು ಹಾಳೆ ಸರಿಮಾಡಿದ. ಓಟಿಸನ ಪುಸ್ತಕವನ್ನು ಕೆಳಗಿಂದ ಎತ್ತಿ ಅವನ ತೊಡೆಯ ಮೇಲಿಟ್ಟ. ಏಳನೇ ಇನಿಂಗ್ಸಿನ ಮೊದಲ ಚೆಂಡು ಗುರಿ ತಪ್ಪಿ ಬಂತು; ಅಂಥದ್ದಕ್ಕೆ ಬಾಲ್ ಎಂದು ಲೆಕ್ಕ.

"ಹೊರಗೆ, ಕೆಳಗೆ. ಬಾಲ್ ಒಂದು," ಎಂದ ಕ್ಯಾಜ್, ತನಗೆ ತಾನೇ ಗೊಣಗಿಕೊಳ್ಳುವವನಂತೆ, ಆದರೆ ಪಕ್ಕದವನಿಗೆ ಕೇಳುವಷ್ಟು ಜೋರಾಗಿ. "ಬರ್ಕೋ."

ಓಟಿಸ್ ದೊಡ್ಡದಾಗಿ, ಒತ್ತಿ ಬರೆದುಕೊಂಡ.