ಕೆನ್ನೇರಳೆ ಮೂಲೆ

ತಮ್ಮನ ಬಲಗೈಗೆ ಲಕ್ವ ಹೊಡೆದು ಐದು ತಿಂಗಳಾಗಿತ್ತು. ಇಕ್ಕಟ್ಟಾದ ಗಲ್ಲಿಯಲ್ಲಿ ಲಾರಿಯನ್ನು ಲೀಲಾಜಾಲವಾಗಿ ಹಿಂದಕ್ಕೆ ತೆಗೆಯುತ್ತಿದ್ದ ಕೈ ಈಗ ಚಮಚ ಹಿಡಿಯಲು ಹೆಣಗುತ್ತಿತ್ತು. ವ್ಯಾಯಾಮ ಮಾಡಿಸಲು ಬರುತ್ತಿದ್ದಾಕೆ ಹೇಳಿಕೊಟ್ಟದ್ದನ್ನೆಲ್ಲ ಅವನು ಆಕೆ ಬಾಗಿಲು ದಾಟುವವರೆಗೆ ಮಾತ್ರ ಮಾಡುತ್ತಿದ್ದ.

ಅಕ್ಕ ಲಿಫ್ಟ್ ರಿಪೇರಿ ಮಾಡುವವಳು. ಕೆಟ್ಟು ನಿಂತದ್ದನ್ನು ಕಂಡು ಕೈಕಟ್ಟಿ ಕೂರುವ ಜಾಯಮಾನ ಅವಳದಲ್ಲ. ಅಟ್ಟದಲ್ಲಿದ್ದ ಹಳೆಯ ವಿಡಿಯೊ ಗೇಮ್ ಅವಳಿಗೆ ನೆನಪಾಯಿತು. ಪರದೆಯ ಮೇಲೆ ಹಾರುವ ಹಕ್ಕಿಗಳಿಗೆ ಪ್ಲಾಸ್ಟಿಕ್ ಪಿಸ್ತೂಲಿನಿಂದ ಗುರಿಯಿಡುವ ಆಟ. ಚಿಕ್ಕಂದಿನಲ್ಲಿ ತಮ್ಮನ ಮುಂದೆ ಅವಳ ಬೇಳೆ ಬೇಯುತ್ತಿರಲಿಲ್ಲ. ಆದರೆ ಗೋಡೆಯ ಮೇಲಿನ ತೆಳು ಟಿವಿಗೆ ಜೋಡಿಸಿದರೆ ಪಿಸ್ತೂಲು ಜಪ್ಪಯ್ಯ ಅನ್ನಲಿಲ್ಲ. ಅದಕ್ಕೆ ಹಿಂದಿನ ಕಾಲದ ಪಿಕ್ಚರ್ ಟ್ಯೂಬೇ ಬೇಕಿತ್ತು.

ಬಾಗಿಲು ಮುಚ್ಚುತ್ತಿದ್ದ ವಿಡಿಯೊ ಅಂಗಡಿಯೊಂದರಲ್ಲಿ ಅಂಥ ಮಾನಿಟರ್ ಸಿಕ್ಕಿತು. ಭಾನುವಾರ ಬೆಳಿಗ್ಗೆ ಅದನ್ನು ತಮ್ಮನ ಮನೆಗೆ ಹೊತ್ತು ತರುವಷ್ಟರಲ್ಲಿ ಅವಳ ಸೊಂಟ ಬಿದ್ದುಹೋಗಿತ್ತು. ಆ ಭಾರ ತಡೆಯುವ ಮೇಜು ಮನೆಯಲ್ಲಿದ್ದದ್ದು ಒಂದೇ, ತಮ್ಮನ ಹೆಂಡತಿ ಬಟ್ಟೆ ಹೊಲಿಯುವ ಮೇಜು.

ಸ್ವಿಚ್ ಹಾಕಿದಾಗ ಚಿತ್ರ ಮೇಲಿಂದ ಕೆಳಕ್ಕೆ ಉರುಳತೊಡಗಿತು. ಹಿಂಬದಿಯ ತಿರುಪನ್ನು ಕೂದಲೆಳೆಯಷ್ಟು ತಿರುಗಿಸಿದಾಗ ನಿಂತಿತು. ಆದರೆ ಬಲಗಡೆಯ ಕೆಳಮೂಲೆಯಲ್ಲಿ ಕೆನ್ನೇರಳೆ ಬಣ್ಣದ ದೊಡ್ಡ ಕಲೆ. ಅಲ್ಲಿಗೆ ಹೋದ ಹಕ್ಕಿಯೆಲ್ಲ ಹಸಿರಾಗುತ್ತಿತ್ತು. ಅಕ್ಕ ವೈರು ಬದಲಿಸಿದಳು, ಆರಿಸಿ ಮತ್ತೆ ಹಾಕಿದಳು, ಮಾನಿಟರಿನ ಮುಖವನ್ನು ಕಿಟಕಿಯ ಕಡೆ ತಿರುಗಿಸಿದಳು. ಕಲೆ ಕದಲಲಿಲ್ಲ.

"ಬಿಡಕ್ಕ, ಅದಕ್ಕೂ ನನ್ನ ಹಾಗೆ ಒಂದು ಕಡೆ ಹೋಗಿದೆ," ಎಂದ ತಮ್ಮ ಕುರ್ಚಿಯಲ್ಲಿ ಕುಳಿತೇ.

"ಬಾಯಿ ಮುಚ್ಕೊಂಡು ಕೂತ್ಕೋ."

ಅಷ್ಟರಲ್ಲಿ ಅವನ ಹೆಂಡತಿ ಗುಂಡುಸೂಜಿಗಾಗಿ ಬಂದು ಮೇಜಿನ ಡ್ರಾಯರ್ ಎಳೆದಳು. ಎಳೆದವಳು ಹಾಗೇ ನಿಂತಳು.

"ಅತ್ತಿಗೆ, ನಾನು ಇದನ್ನ ಎಳೆದ್ರೆ ಆ ಕಲೆನೂ ಸರೀತಲ್ಲ!"

ಡ್ರಾಯರಿನಲ್ಲಿ ಸೂಜಿಗಳು ಚೆಲ್ಲದಂತೆ ಹಿಡಿದಿಡುವ ಅಯಸ್ಕಾಂತದ ಬಟ್ಟಲಿತ್ತು. ಅಕ್ಕ ಹಣೆ ಚಚ್ಚಿಕೊಂಡಳು. ಇಪ್ಪತ್ತು ವರ್ಷದಿಂದ ಮೋಟಾರುಗಳ ಜೊತೆಯಲ್ಲೇ ಇದ್ದವಳಿಗೆ ಅಯಸ್ಕಾಂತ ಪಿಕ್ಚರ್ ಟ್ಯೂಬಿನ ಬಣ್ಣ ಕೆಡಿಸುತ್ತದೆಂಬುದು ಹೊಳೆದಿರಲಿಲ್ಲ.

ಬಟ್ಟಲನ್ನು ಅಡುಗೆಮನೆಗೆ ಕಳಿಸಿದರೂ ತೆಳುವಾದ ಕಲೆ ಉಳಿಯಿತು. ಅದನ್ನು ಅಳಿಸುವ ತಂತಿಸುರುಳಿ ಮಾನಿಟರಿನೊಳಗೇ ಇದೆ, ಆದರೆ ತಣ್ಣಗಿರುವಾಗ ಸ್ವಿಚ್ ಹಾಕಿದರೆ ಮಾತ್ರ ಅದು ಕೆಲಸ ಮಾಡುತ್ತದೆ. ಆರಿಸಿ ಅರ್ಧ ಗಂಟೆ ಕಾಯಬೇಕಿತ್ತು. ಐದು ತಿಂಗಳಲ್ಲಿ ಮೊದಲ ಸಲ ಅಕ್ಕ ಅವನ ಪಕ್ಕದಲ್ಲಿ ಸುಮ್ಮನೆ ಕುಳಿತಳು. ಬಂದಾಗಲೆಲ್ಲ ಮಾತ್ರೆ ನುಂಗಿದೆಯಾ ಎಂದು ಕೇಳಿ ಹೊರಡುವುದೇ ರೂಢಿಯಾಗಿತ್ತು.

"ಆವತ್ತು ಲಾರಿ ಓಡಿಸ್ತಿರುವಾಗಲೇ ಕೈ ಜೋಮು ಹಿಡಿದಿತ್ತು," ಎಂದ ತಮ್ಮ ಇದ್ದಕ್ಕಿದ್ದಂತೆ. "ಯಾರಿಗೂ ಹೇಳಿಲ್ಲ. ಮುಂದೆ ಶಾಲೆ ಇತ್ತು, ಮಕ್ಕಳು ರಸ್ತೆ ದಾಟ್ತಾ ಇದ್ರು. ಎಡಗೈಲೇ ತಿರುಗಿಸಿ ಗಾಡಿ ನಿಲ್ಲಿಸಿದೆ. ಈಗ ಆ ಕೈ ಸರಿಹೋದ್ರೆ ಮತ್ತೆ ಲಾರಿ ಹತ್ತು ಅಂತಾರೆ. ನನಗೆ ಭಯ ಕಣಕ್ಕ."

ಅಕ್ಕ ಅವನ ಕಡೆ ತಿರುಗಿ ಕುಳಿತಳು.

"ಹತ್ತಬೇಡ," ಎಂದಳು. "ಕೈ ನಿನ್ನದು, ಲಾರಿದಲ್ಲ. ಊಟ ಮಾಡೋಕಾದ್ರೂ ಬೇಕಲ್ಲ?"

ಅವನು ಎಡಗೈಯಿಂದ ಬಲಗೈಯನ್ನು ತೊಡೆಯ ಮೇಲೆ ಎತ್ತಿಟ್ಟುಕೊಂಡ.

ಅರ್ಧ ಗಂಟೆಯ ಮೇಲೆ ಮತ್ತೆ ಸ್ವಿಚ್ ಹಾಕಿದಾಗ ಮಾನಿಟರ್ ಒಮ್ಮೆ ಗುಂಯ್‌ಗುಟ್ಟಿತು. ಚಿತ್ರ ಗಡಗಡ ನಡುಗಿ ನಿಂತಿತು. ಮೂಲೆ ತಿಳಿಯಾಗಿತ್ತು.

"ಬೇಕಂತ ಸೋತ್ರೆ ನೋಡು ಮತ್ತೆ," ಎಂದ ತಮ್ಮ, ಪಿಸ್ತೂಲನ್ನು ಬಲಗೈಗಿಟ್ಟು ಎಡಗೈಯ ಆಸರೆ ಕೊಡುತ್ತಾ.

ಅವಳು ಸೋಲಲಿಲ್ಲ. ತನ್ನ ಸರದಿಯಲ್ಲಿ ಹತ್ತರಲ್ಲಿ ಏಳು ಹೊಡೆದಳು. ಅವನು ಹೊಡೆದದ್ದು ಒಂದೇ, ಅದೂ ಎಂಟನೆಯದು. ಅವನ ಮುಖ ಕೆಂಪಾಯಿತು. ಅಕ್ಕ ಕಂಡರೂ ಕಾಣದವಳಂತೆ ಪರದೆಯ ಮೇಲಿನ ಅಂಕ ಓದಿ ಹೇಳಿದಳು.

"ನಾಳೆ ಆರು ಅಂಗಿ ಕೊಡಬೇಕು ನಾನು," ಎಂದಳು ಹೆಂಡತಿ. "ಮೇಜು ಯಾವಾಗ ಬಿಡ್ತೀರಿ?"

"ಇನ್ನೊಂದಾಟ," ಎಂದ ಅವನು, ಪರದೆಯಿಂದ ಕಣ್ಣು ಕೀಳದೆ.

ಅವಳು ಬಟ್ಟೆಯನ್ನು ನೆಲದ ಮೇಲೆ ಹರಡಿಕೊಂಡು ಕತ್ತರಿಸಲು ಕುಳಿತಳು.