ಇಳಿಜಾರಿನ ಚಾಳಿ

ಇಳಿಜಾರು ಬಂತೆಂದರೆ ಗೇರನ್ನು ನ್ಯೂಟ್ರಲ್‌ಗೆ ತಂದು, ಕೀ ತಿರುಗಿಸಿ, ಇಂಜಿನ್ ಆಫ್ ಮಾಡಿಬಿಡುವುದು ನನ್ನ ಮೂವತ್ತು ವರ್ಷದ ಚಾಳಿ. ಜಯಪುರ ಸ್ಟ್ಯಾಂಡಿನ ಜೀಪಿನವರಲ್ಲಿ ಮುಕ್ಕಾಲು ಪಾಲು ಜನ ಮಾಡುವುದು ಹಾಗೆಯೇ. ಡೀಸೆಲ್ ಉಳಿಯುತ್ತದೆ, ಜೀಪು ತನ್ನ ಪಾಡಿಗೆ ತಾನು ಇಳಿಯುತ್ತದೆ. ನಮ್ಮ ಹಳೇ ಜೀಪಿನ ಬ್ರೇಕಿಗೆ ಇಂಜಿನ್ ಓಡುತ್ತಿದ್ದರೂ ಒಂದೇ, ನಿಂತಿದ್ದರೂ ಒಂದೇ. ‘ಯಾವ ಗೇರಲ್ಲಿ ಹತ್ತಿದ್ಯೋ ಅದೇ ಗೇರಲ್ಲಿ ಇಳಿ’ ಎಂದು ನನಗೆ ಡ್ರೈವಿಂಗ್ ಕಲಿಸಿದ ಗಿಡ್ಡಯ್ಯ ಬಡಿದುಕೊಳ್ಳುತ್ತಿದ್ದ. ನಾನು ಕೇಳಲಿಲ್ಲ. ನನ್ನ ಹತ್ತಿರ ಕಲಿತವರಿಗೂ ನನ್ನ ಚಾಳಿಯನ್ನೇ ಅಂಟಿಸಿದೆ.

ಅಂಥವರಲ್ಲಿ ಭಂಡಿಗಡಿಯ ಧರ್ಮೇಶನೂ ಒಬ್ಬ. ಸುಬ್ಬಯ್ಯ ಗೌಡರ ಮಗ. ವೆನಿಲ್ಲಾಕ್ಕೆ ಹುಚ್ಚು ಬೆಲೆ ಬಂದಿತ್ತಲ್ಲ, ಆ ವರ್ಷದ ಮಾತು ಇದು. ಅವನೂ ಅವನ ಹೆಂಡತಿ ಅರ್ಪಿತಾಳೂ ದಿನಾ ಬೆಳಿಗ್ಗೆ ಕಡ್ಡಿ ಹಿಡಿದು ಒಂದೊಂದೇ ಹೂವಿಗೆ ಪರಾಗ ಮುಟ್ಟಿಸಿ ಬೆಳೆ ತೆಗೆದವರು. ಕೈಗೆ ನಾಲ್ಕು ಕಾಸು ಬಂದದ್ದೇ ಉಳಿದವರೆಲ್ಲ ಮನೆಗೆ ಟೈಲ್ಸ್ ಹಾಕಿಸಿದರೆ, ಇವನು ಶೃಂಗೇರಿಯ ಸಚ್ಚಿದಾನಂದ ಭಟ್ಟರ ಮನೆಯಲ್ಲಿದ್ದ ಕೆಂಪು ಸ್ಪೋರ್ಟ್ಸ್ ಕಾರಿನ ಮೇಲೆ ಕಣ್ಣಿಟ್ಟ. ಎರಡೇ ಸೀಟು, ಎರಡೇ ಬಾಗಿಲು, ಫಾರಿನ್ ಗಾಡಿ. ಭಟ್ಟರು ಮುಂಬೈಯಲ್ಲಿ ಇಂಜಿನಿಯರ್ ಆಗಿದ್ದು, ರಿಟೈರ್ ಆಗಿ ಊರಿಗೆ ಬರುವಾಗ ಅದನ್ನೂ ತಂದಿದ್ದರು. ಈಗ ಸೊಂಟ ಹಿಡಿದು, ಮಣೆಯಷ್ಟು ಎತ್ತರದ ಆ ಸೀಟಿನಿಂದ ಏಳಲು ಇಬ್ಬರು ಬೇಕಾಗಿದ್ದರಿಂದ ಮಾರಲು ಹೊರಟಿದ್ದರು.

“ಆಟೋಮೆಟಿಕ್ ಅಲ್ಲ ದೇವಪ್ಪಣ್ಣ, ಗೇರಿನ ಗಾಡಿ,” ಎಂದು ಧರ್ಮೇಶ ಸ್ಟ್ಯಾಂಡಿಗೇ ಬಂದು ಹೇಳಿದ. “ನೀವೊಂದ್ಸಲ ಓಡ್ಸಿ ನೋಡಿ ಹೂಂ ಅಂದ್ರೆ ತಗೋತೀನಿ. ಇಲ್ಲಾಂದ್ರೆ ಇಲ್ಲ.”

ಅಂಥ ಗಾಡಿಯನ್ನು ನಾನು ಹತ್ತಿರದಿಂದ ನೋಡಿದವನೇ ಅಲ್ಲ. ಹಾಗೆಂದು ಹೇಳಿದ್ದರೆ ನನ್ನ ಗಂಟೇನೂ ಹೋಗುತ್ತಿರಲಿಲ್ಲ. ಆದರೆ ಸುತ್ತ ಸ್ಟ್ಯಾಂಡಿನವರೆಲ್ಲ ಕಿವಿ ನಿಮಿರಿಸಿ ನಿಂತಿದ್ದರು. “ಗೇರು ಅಂದ್ಮೇಲೆ ಗೇರೇ, ಅದ್ರಲ್ಲಿ ಎಂತ ಇದೆ ನೋಡೋಕೆ?” ಎಂದುಬಿಟ್ಟೆ.

ಭಾನುವಾರ ಬೆಳಿಗ್ಗೆ ಗೌಡರು, ಧರ್ಮೇಶ, ಅರ್ಪಿತಾ ಮೂವರೂ ನನ್ನ ಜೀಪಿನಲ್ಲೇ ಶೃಂಗೇರಿಗೆ ಬಂದರು. ಭಟ್ಟರ ಕೊಟ್ಟಿಗೆಯಲ್ಲಿ ದನ ಇರಬೇಕಾದ ಜಾಗದಲ್ಲಿ ಕಾರು ನಿಂತಿತ್ತು. ಭಟ್ಟರು ಪಂಚೆ ಎತ್ತಿ ಕಟ್ಟಿಕೊಂಡು, ಒಂದು ಕೈ ಸೊಂಟದ ಮೇಲಿಟ್ಟುಕೊಂಡು, ಮಗಳನ್ನು ಗಂಡಿನ ಮನೆಯವರಿಗೆ ತೋರಿಸುವವರ ಹಾಗೆ ತೋರಿಸಿದರು. ರಿವರ್ಸ್ ಹಾಕಬೇಕಾದರೆ ಗೇರಿನ ಕೋಲನ್ನು ಮೊದಲು ಕೆಳಕ್ಕೆ ಒತ್ತಬೇಕು ಎಂದರು. ನಾನು ಎಲ್ಲ ಗೊತ್ತಿದ್ದವನಂತೆ ತಲೆಯಾಡಿಸಿದೆ.

“ಇನ್ನೊಂದು ಮಾತು ದೇವಪ್ಪ. ಈ ಇಳಿಜಾರಲ್ಲಿ ಇದೆಯಲ್ಲ...”

“ಭಟ್ರೇ, ನಾನು ಇಳಿಯದ ಇಳಿಜಾರು ಈ ಮೂರು ತಾಲೂಕಲ್ಲಿ ಇಲ್ಲ. ಕೀ ಕೊಡಿ.”

ಭಟ್ಟರು ಕೀ ಕೊಟ್ಟು ಸುಮ್ಮನಾದರು. ಧರ್ಮೇಶ ಪಕ್ಕದಲ್ಲಿ ಕೂರಲು ಬಂದ. ಗೇರ್ ಬಾಕ್ಸಿನ ಸದ್ದು ಕೇಳಬೇಕು, ಮಾತಾಡುವವರು ಇರಬಾರದು ಎಂದು ಅವನನ್ನು ಇಳಿಸಿದೆ. ನಿಜ ಹೇಳಬೇಕೆಂದರೆ ನಾನು ತಡಬಡಾಯಿಸುವುದನ್ನು ಯಾರೂ ನೋಡಬಾರದಿತ್ತು.

ಕೆರೆಕಟ್ಟೆಯ ಕಡೆಗೆ ಹೋದೆ. ಮೊದಲೆರಡು ಮೈಲಿ ಜೀವ ಕೈಯಲ್ಲಿ ಹಿಡಿದುಕೊಂಡೇ ಓಡಿಸಿದೆ. ಆಮೇಲೆ ಕೈ ಹದಕ್ಕೆ ಬಂತು. ಎಂಥ ಗಾಡಿ! ಮೂರನೇ ಗೇರಿನಲ್ಲಿ ಏರು ಹತ್ತುವಾಗ ಅದು ಇನ್ನೂ ಬೇಕು ಇನ್ನೂ ಬೇಕು ಎನ್ನುತ್ತಿತ್ತು. ನನಗೆ ಇಪ್ಪತ್ತು ವರ್ಷ ವಯಸ್ಸು ಕಡಿಮೆಯಾದ ಹಾಗಾಯಿತು. ಮೇಲೆ ಹೋಗಿ, ಮೂರು ಸಲ ಒದ್ದಾಡಿ ರಿವರ್ಸ್ ಹಾಕಿ, ತಿರುಗಿಸಿಕೊಂಡು ಇಳಿಯತೊಡಗಿದೆ. ಕೈ ತನ್ನಷ್ಟಕ್ಕೇ ನ್ಯೂಟ್ರಲ್‌ಗೆ ಹೋಯಿತು. ಇನ್ನೊಂದು ಕೈ ಕೀಯನ್ನು ತಿರುಗಿಸಿತು.

ಇಂಜಿನ್ ನಿಂತಿತು. ಕಾರು ಸದ್ದಿಲ್ಲದೆ ಜಾರಿತು. ಮೊದಲ ತಿರುವಿನಲ್ಲಿ ಬ್ರೇಕ್ ಒತ್ತಿದೆ, ಹಿಡಿಯಿತು. ಎರಡನೇ ಸಲ ಒತ್ತಿದರೆ ಪೆಡಲ್ ಬಿಗಿಯಾಗಿತ್ತು. ಮೂರನೇ ಸಲ ಅದು ಕಲ್ಲು. ಎರಡೂ ಕಾಲು ಹಾಕಿ ತುಳಿದರೂ ಕದಲಲಿಲ್ಲ. ಸ್ಟೀರಿಂಗ್ ಹೂತ ಕಂಬದಂತೆ ಭಾರವಾಯಿತು, ಎದುರಿಗೆ ತಿರುವು, ತಿರುವಿನಾಚೆ ಮರದ ತುದಿಗಳು ಮಾತ್ರ ಕಾಣುತ್ತಿದ್ದವು. ಯಾವ ದೇವರು ಬುದ್ಧಿ ಕೊಟ್ಟನೋ, ಕೀ ಆನ್ ಮಾಡಿ ಸೆಕೆಂಡ್ ಗೇರಿಗೆ ತಳ್ಳಿ ಕ್ಲಚ್ ಬಿಟ್ಟೆ. ಕಾರು ಕಿರುಚಿ, ಕುಲುಕಿ, ಇಂಜಿನ್ ಸ್ಟಾರ್ಟ್ ಆಗಿ ನಿಧಾನವಾಯಿತು.

ಬದಿಗೆ ನಿಲ್ಲಿಸಿ ಬೀಡಿ ಹಚ್ಚಲು ನೋಡಿದೆ. ನಾಲ್ಕು ಕಡ್ಡಿ ಗೀರಿದರೂ ಆಗಲಿಲ್ಲ. ಇಂಥ ಗಾಡಿಯ ಬ್ರೇಕಿಗೂ ಸ್ಟೀರಿಂಗಿಗೂ ಬಲ ಬರುವುದು ಇಂಜಿನ್‌ನಿಂದಲೇ ಎಂದು ಆಗ ತಲೆಗೆ ಹೋಯಿತು. ಭಟ್ಟರು ಹೇಳಲು ಬಂದದ್ದೂ ಅದನ್ನೇ.

ಹಿಂದಿರುಗಿದಾಗ ನಾಲ್ವರೂ ಅಂಗಳದಲ್ಲಿ ಕಾಯುತ್ತಿದ್ದರು.

“ಎಂತ ದೇವಪ್ಪಣ್ಣ, ಅಂಗಿ ಎಲ್ಲ ಒದ್ದೆಯಾಗಿದೆ?” ಎಂದಳು ಅರ್ಪಿತಾ.

“ಎಸಿ ಹಾಕೋದು ಎಲ್ಲಿ ಅಂತ ಗೊತ್ತಾಗ್ಲಿಲ್ಲ ಮಾರಾಯ್ತಿ.”

ಎಲ್ಲರೂ ಗೊಳ್ಳೆಂದು ನಕ್ಕರು. ಭಟ್ಟರಂತೂ ಸೊಂಟ ಹಿಡಿದುಕೊಂಡು ನಕ್ಕರು. ಅಷ್ಟು ನಗೆಯ ನಡುವೆ ‘ನಾನು ಸಾಯುತ್ತಿದ್ದೆ’ ಎಂದು ಹೇಗೆ ಹೇಳುವುದು? ಅದೂ ಯಾರ ಮಾತನ್ನು ಅರ್ಧಕ್ಕೇ ಕತ್ತರಿಸಿದ್ದೆನೋ ಅವರ ಮುಂದೆ?

“ಗಾಡಿ ಹೇಗಿದೆ?” ಎಂದ ಧರ್ಮೇಶ.

“ಗೇರ್ ಬಾಕ್ಸ್ ಬೆಣ್ಣೆ.”

ಸುಳ್ಳಲ್ಲ. ಗೇರ್ ಬಾಕ್ಸ್ ಬೆಣ್ಣೆಯೇ. ಹೊರಡುವ ಮೊದಲು ಧರ್ಮೇಶನನ್ನು ಒಂದು ಬದಿಗೆ ಕರೆದು ಕಿವಿಯಲ್ಲಿ ಹೇಳಿದರಾಯಿತು ಎಂದುಕೊಂಡೆ. ವ್ಯವಹಾರ ಮುಗಿಯಿತು. ದೇವಪ್ಪನೇ ಓಡಿಸಿ ನೋಡಿದ್ದಾನಲ್ಲ ಎಂದು ಭಟ್ಟರೂ ಇಳಿಜಾರಿನ ಮಾತನ್ನು ಮತ್ತೆ ಎತ್ತಲಿಲ್ಲ. ಅರ್ಪಿತಾ ಬಾನೆಟ್‌ಗೆ ಕುಂಕುಮವಿಟ್ಟು ಕಾಯಿ ಒಡೆದಳು. ನಾಲ್ಕು ಚಕ್ರಕ್ಕೂ ನಿಂಬೆಹಣ್ಣು ಇಟ್ಟಾಯಿತು. ಒಳಗಿನಿಂದ ಕಾಫಿ ಬಂತು. ನಾನು ಲೋಟ ಕೆಳಗಿಡುವಷ್ಟರಲ್ಲಿ ಗಂಡ ಹೆಂಡತಿ ಕಾರಿನಲ್ಲಿ ಕೂತಾಗಿತ್ತು. “ಜಯಪುರದಲ್ಲಿ ಸಿಗಾಣ ಅಣ್ಣಾ!” ಎಂದು ಧರ್ಮೇಶ ಕೂಗಿದ. ನಿಂಬೆಹಣ್ಣು ಅಪ್ಪಚ್ಚಿಯಾಯಿತು, ಕಾರು ಗೇಟು ದಾಟಿತು.

“ಗೌಡ್ರೇ, ಹತ್ತಿ ಹತ್ತಿ,” ಎಂದು ಜೀಪಿಗೆ ಓಡಿದೆ.

“ಎಂತ ಅವಸರ ಮಾರಾಯ? ಅವ್ರು ಹೋಗ್ಲಿ ಬಿಡು, ಹುಡುಗ್ರು.”

ಜಯಪುರಕ್ಕೆ ಮೂರು ಮೈಲಿ ಇರುವಾಗ ಒಂದು ಉದ್ದನೆಯ ಇಳಿಜಾರು ಇದೆ, ಮೂರು ತಿರುವಿನದ್ದು. ಧರ್ಮೇಶನಿಗೆ ನಾನು ಇಂಜಿನ್ ಆಫ್ ಮಾಡಿ ಇಳಿಸುವುದನ್ನು ಕಲಿಸಿದ್ದು ಅದೇ ಇಳಿಜಾರಿನಲ್ಲಿ. ಅಲ್ಲಿಯವರೆಗಿನ ದಾರಿ ಹೆಚ್ಚುಕಡಿಮೆ ಸಪಾಟು. ಆ ಇಳಿಜಾರಿಗೆ ಮುಂಚೆ ಅವನನ್ನು ಹಿಡಿಯಬೇಕು. ಅವನ ಹತ್ತಿರ ಮೊಬೈಲ್ ಇತ್ತು, ನನ್ನ ಹತ್ತಿರವೂ ಗೌಡರ ಹತ್ತಿರವೂ ಇರಲಿಲ್ಲ. ಇದ್ದರೂ ಶೃಂಗೇರಿ ದಾಟಿದರೆ ಸಿಗ್ನಲ್ ಎಲ್ಲಿಯದು? ಆಕ್ಸಿಲರೇಟರನ್ನು ಪೂರ್ತಿ ಒತ್ತಿ ಹಿಡಿದೆ. ಜೀಪು ಹಳೇ ಅಕ್ಕಿ ಗಿರಣಿಯ ಹಾಗೆ ಬೊಬ್ಬೆ ಹೊಡೆಯಿತೇ ಹೊರತು ಮುಂದೆ ಹೋಗಲಿಲ್ಲ.

ಗೌಡರು ಎಲೆಯಡಿಕೆಯ ಕವಳ ಹಾಕಿಕೊಂಡು ಖುಷಿಯಾಗಿ ಕೂತಿದ್ದರು. “ನೀ ನೋಡಿ ಹೂಂ ಅಂದೆ, ನನಗೆ ನೆಮ್ಮದಿ ಆಯ್ತು ದೇವಪ್ಪ. ನೀ ಹೇಳಿದ್ದು ಅಂದ್ರೆ ನಮ್ಮ ಹುಡುಗನಿಗೆ ವೇದ. ಈಗ್ಲೂ ನಮ್ಮನೆ ಜೀಪು ತಗೊಂಡು ಕೊಪ್ಪಕ್ಕೆ ಹೋದ್ರೆ ಒಂದು ಇಳಿಜಾರಲ್ಲೂ ಇಂಜಿನ್ ಆನ್ ಇಡಲ್ಲ ಅವ್ನು.”

ಆಗಲೇ ಹೇಳಬಹುದಿತ್ತು. ಹೇಳಿದರೆ ಈ ಮನುಷ್ಯ ಉಳಿದ ದಾರಿಯುದ್ದಕ್ಕೂ ಪ್ರಾಣ ಕೈಯಲ್ಲಿ ಹಿಡಿದು ಕೂರಬೇಕು, ಹೇಳಿದರೂ ಜೀಪು ಜೋರಾಗಿ ಓಡುವುದಿಲ್ಲ ಎಂದು ನನಗೆ ನಾನೇ ನೆಪ ಹೇಳಿಕೊಂಡೆ. ಬಿಸಿ ತುಪ್ಪ ಬಾಯಲ್ಲಿಟ್ಟುಕೊಂಡವನ ಪಾಡು ನನ್ನದು.

ಒಂದು ಆಸೆ ಇತ್ತು. ದಾರಿಯಲ್ಲಿ ಯಲ್ಲಕ್ಕನ ಅಂಗಡಿ ಸಿಗುತ್ತದೆ. ಧರ್ಮೇಶ ಎಂದೂ ಅಲ್ಲಿ ಸೋಡಾ ಕುಡಿಯದೆ ಮುಂದೆ ಹೋದವನಲ್ಲ. ಹೊಸ ಗಾಡಿ ಬೇರೆ, ತೋರಿಸದೆ ಹೋಗುತ್ತಾನೆಯೇ? ತಿರುವು ಕಳೆದು ಅಂಗಡಿ ಕಂಡಿತು. ಮುಂದೆ ಕಾರು ಇರಲಿಲ್ಲ.

“ಯಲ್ಲಕ್ಕಾ, ಧರ್ಮೇಶ ಬಂದಿದ್ನಾ?” ಎಂದು ಜೀಪು ನಿಲ್ಲಿಸದೆ ಕೂಗಿದೆ.

“ಬಂದಿದ್ದ, ಸೋಡಾ ಕುಡ್ದು ಈಗಷ್ಟೇ ಹೋದ. ಕೆಂಪು ಕಾರು ಎಷ್ಟು ಚಂದ ಇದೆ ಮಾರಾಯ!”

ಈಗಷ್ಟೇ. ಕಾಫಿಗೆ ಕೂರದಿದ್ದರೆ ಸಿಗುತ್ತಿದ್ದ. ಭಟ್ಟರ ಅಂಗಳದಲ್ಲಿ ಬಾಯಿ ಬಿಟ್ಟಿದ್ದರೆ ಅಟ್ಟಿಸಿಕೊಂಡು ಬರುವ ಪಾಡೇ ಇರುತ್ತಿರಲಿಲ್ಲ. ಹಾರ್ನ್ ಮೇಲಿಟ್ಟ ಕೈ ತೆಗೆಯದೆ ಓಡಿಸಿದೆ. ಶಾರದಮ್ಮನಿಗೆ ಹರಕೆ ಹೊತ್ತೆ. ಇವತ್ತೊಂದು ದಿನ ಅವನಿಗೆ ನನ್ನ ಪಾಠ ಮರೆತುಹೋಗಲಿ ಎಂದು ಬೇಡಿಕೊಂಡೆ. ಕಲಿಸಿದವನು ಹಾಗೆ ಬೇಡಿಕೊಳ್ಳುವ ಗತಿ ಯಾರಿಗೂ ಬರಬಾರದು.

ಇಳಿಜಾರಿನ ನೆತ್ತಿಗೆ ಬಂದೆವು. ಸೆಕೆಂಡ್ ಗೇರಿಗೆ ಹಾಕಿದೆ, ಇಂಜಿನ್ ಗುರುಗುಟ್ಟುತ್ತಲೇ ಇತ್ತು.

“ಆಫ್ ಮಾಡ್ಲಿಲ್ವಾ?” ಎಂದರು ಗೌಡರು ಆಶ್ಚರ್ಯದಿಂದ.

“ಗೌಡ್ರೇ...” ಎಂದೆ. ಮೊದಲ ತಿರುವಿನಲ್ಲಿ ಏನೂ ಇರಲಿಲ್ಲ. ಎರಡನೆಯದರಲ್ಲಿ ರಸ್ತೆಯ ಮೇಲೆ ಕೆಮ್ಮಣ್ಣು ಚೆಲ್ಲಿತ್ತು. ಕಾರು ಎಡಗಡೆ ಗುಡ್ಡ ಕಡಿದು ಗೋಡೆಯಂತೆ ನಿಂತ ದರೆಗೆ ಮೂತಿ ತುರುಕಿ ನಿಂತಿತ್ತು. ಬಲಗಡೆ ಹತ್ತು ಮಾರು ಆಳದ ಹೊಂಡ.

ಧರ್ಮೇಶ ರಸ್ತೆಯಲ್ಲೇ ಕಾಲು ಚಾಚಿ ಕೂತಿದ್ದ. ಅರ್ಪಿತಾ ಪಕ್ಕದಲ್ಲಿ ನಿಂತು ಎಡಗೈಯ ಮಣಿಕಟ್ಟನ್ನು ವೇಲಿನಲ್ಲಿ ಸುತ್ತಿ ಎದೆಗೆ ಒತ್ತಿಕೊಂಡಿದ್ದಳು. ಇಬ್ಬರೂ ಬದುಕಿದ್ದರು. ಜೀಪಿನಿಂದ ಇಳಿದು ಬಾನೆಟ್ ಹಿಡಿದುಕೊಂಡೆ. ಅಳು ಬಂತು, ತಡೆಯಲಿಲ್ಲ.

“ಮೊದಲ್ನೇ ಸಲ ಹಿಡೀತು ದೇವಪ್ಪಣ್ಣ,” ಎಂದ ಧರ್ಮೇಶ. ಅವನ ಹಲ್ಲು ಕಟಕಟಿಸುತ್ತಿತ್ತು. “ಎರಡನೇ ಸಲ ಗಟ್ಟಿಯಾಯ್ತು. ಆಮೇಲೆ ಕಲ್ಲು. ಹೊಂಡಕ್ಕೆ ಹೋಗೋದಕ್ಕಿಂತ ಅಂತ ದರೆಗೆ ಕೊಟ್ಟೆ.”

ಗೌಡರು ಮಗನ ಮೈಯನ್ನೆಲ್ಲ ಸವರಿ ನೋಡಿದರು, ಸೊಸೆಯ ಕೈ ನೋಡಿದರು. ಮಣಿಕಟ್ಟು ಆಗಲೇ ಬಾತಿತ್ತು. ವೆನಿಲ್ಲಾಕ್ಕೆ ಪರಾಗ ಮುಟ್ಟಿಸುವ ಹೂವಿನ ಕಾಲ ಶುರುವಾಗಿ ವಾರವೂ ಆಗಿರಲಿಲ್ಲ. ಮರುಕ್ಷಣ ಅವರ ಭಯವೆಲ್ಲ ಸಿಟ್ಟಾಯಿತು.

“ಆ ಭಟ್ಟ ಬ್ರೇಕ್ ಕೆಟ್ಟ ಗಾಡಿ ದಾಟ್ಸಿದಾನೆ! ಮಠದ ಊರಲ್ಲಿ ಕೂತು ಇಂಥ ಕೆಲ್ಸ! ದೇವಪ್ಪ, ಜೀಪು ತಿರುಗ್ಸು. ನೀನೇ ಸಾಕ್ಷಿ. ನೀ ಓಡ್ಸೋವಾಗ ಹಿಂಗಾಗಿತ್ತಾ? ಹೇಳು.”

ನಾನು ಬಾಯಿ ತೆರೆಯುವ ಮೊದಲೇ ಧರ್ಮೇಶ ಉತ್ತರ ಕೊಟ್ಟ. “ಎಂತ ಅಪ್ಪಯ್ಯ ನೀವು? ಆಗಿದ್ದಿದ್ರೆ ದೇವಪ್ಪಣ್ಣ ಹೇಳ್ದೆ ಇರ್ತಿದ್ರಾ?”

ಒಂದು ‘ಇಲ್ಲ’ ಅಂದಿದ್ದರೆ ಸಾಕಿತ್ತು. ಗೌಡರು ಭಟ್ಟರ ಮನೆಗೆ ನುಗ್ಗುತ್ತಿದ್ದರು. ಸೊಂಟ ನೋವಿನ ಮುದುಕ ಊರವರ ಮುಂದೆ ಕಳ್ಳನಾಗುತ್ತಿದ್ದ. ನಾನು ಮೊದಲಿನ ದೇವಪ್ಪಣ್ಣನಾಗಿಯೇ ಉಳಿಯುತ್ತಿದ್ದೆ. ಆ ‘ಇಲ್ಲ’ ನಾಲಿಗೆಯ ತುದಿಯವರೆಗೆ ಬಂದಿತ್ತು ಎಂಬುದನ್ನೂ ಇಲ್ಲಿ ಒಪ್ಪಿಕೊಳ್ಳುತ್ತೇನೆ.

“ಆಗಿತ್ತು,” ಎಂದೆ.

ಗೌಡರು ಪೂರ್ತಿ ನನ್ನ ಕಡೆ ತಿರುಗಿದರು.

“ಕೆರೆಕಟ್ಟೆ ರಸ್ತೇಲಿ ನಾನೂ ಕೀ ತಿರುಗ್ಸಿದೆ. ಹಿಂಗೇ ಆಯ್ತು. ಗಾಡಿದು ತಪ್ಪಿಲ್ಲ, ಭಟ್ರದ್ದೂ ತಪ್ಪಿಲ್ಲ. ಇಂಜಿನ್ ನಿಂತ್ರೆ ಇದ್ರ ಬ್ರೇಕ್ ಹಿಡಿಯಲ್ಲ. ಅವ್ರು ಹೇಳೋಕೆ ಬಂದ್ರು, ನಾನೇ ಬಾಯಿ ಮುಚ್ಚಿಸ್ದೆ. ನಿಮ್ಗೆ ಹೇಳೋಕೆ ನಾಚಿಕೆ ಆಯ್ತು.”

ಧರ್ಮೇಶ ನನ್ನನ್ನೇ ನೋಡಿದ. ಬೈಯುತ್ತಾನೆ ಎಂದುಕೊಂಡೆ, ಬೈಯಲಿಲ್ಲ. ಅವನು ಮುಖ ತಿರುಗಿಸಿ ಕಾರಿನ ಕಡೆ ನೋಡತೊಡಗಿದ. ಬೈದಿದ್ದರೆ ಎಷ್ಟೋ ವಾಸಿಯಿತ್ತು.

“ಹಂಗಾದ್ರೆ ಅಂಗಿ ಒದ್ದೆಯಾಗಿದ್ದು ಎಸಿ ಇಲ್ದೇ ಅಲ್ಲ,” ಎಂದಳು ಅರ್ಪಿತಾ.

“ಅಲ್ಲಮ್ಮ.”

ಅವಳ ಕೈಯನ್ನು ಡಾಕ್ಟರಿಗೆ ತೋರಿಸಬೇಕಿತ್ತು. ಬೇರೆ ಗಾಡಿ ಬರುವ ಸೂಚನೆ ಇರಲಿಲ್ಲ, ನನ್ನ ಜೀಪೇ ಗತಿ. ಬರುವಾಗ ಮುಂದೆ ಕೂತಿದ್ದ ಗೌಡರು ಈಗ ಹಿಂದಿನಿಂದ ಹತ್ತಿದರು. ಧರ್ಮೇಶನೂ ಹಿಂದೆಯೇ ಹೋಗಿ ಅಪ್ಪನ ಎದುರು ಕೂತ. ಅರ್ಪಿತಾ ಮಾತ್ರ ಮುಂದೆ ಬಂದು ನನ್ನ ಪಕ್ಕದಲ್ಲಿ ಕೂತಳು.

ಸ್ಟಾರ್ಟ್ ಮಾಡಿದೆ. ಇಳಿಜಾರಿನಲ್ಲಿ ಇನ್ನೂ ಒಂದು ತಿರುವು ಉಳಿದಿತ್ತು. ಅರ್ಪಿತಾ ತನ್ನ ಬಲಗೈ ಚಾಚಿ ಡ್ಯಾಶ್‌ಬೋರ್ಡಿನ ಕೀಯನ್ನು ಬೆರಳುಗಳಿಂದ ಗಟ್ಟಿಯಾಗಿ ಮುಚ್ಚಿ ಹಿಡಿದಳು.

“ಈಗ ನಡೀರಿ,” ಎಂದಳು.

ಇಳಿಜಾರು ಮುಗಿಯಿತು, ಸಪಾಟು ರಸ್ತೆ ಬಂತು, ಜಯಪುರದ ಅಂಗಡಿಗಳು ಕಂಡವು. ಆಸ್ಪತ್ರೆಯ ಮುಂದೆ ಜೀಪು ನಿಲ್ಲುವವರೆಗೂ ಅವಳು ಆ ಕೈ ತೆಗೆಯಲಿಲ್ಲ.